ದಿನಾ ಸೈಕಲ್ ತುಳಿಯುವವರಿಗೆ ಕಾಲಿನ ಬೇರೆ ವ್ಯಾಯಾಮ ಬೇಕೇ?

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಸೈಕಲ್ ಎಂದರೆ ಹವ್ಯಾಸವಲ್ಲ, ಕೆಲಸದ ಗಾಡಿ. ಶಾಲೆಗೆ, ಹೊಲಕ್ಕೆ, ಸಂತೆಗೆ ಅದರಲ್ಲೇ ಹೋಗುವವರಿದ್ದಾರೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ ಬಂತು. ಇದೇ ಭಾಗಕ್ಕೆ ಜಾತ್ರೆಯ ಕುಸ್ತಿಯೂ ಹೊಸದಲ್ಲ, ತಾಲೀಮಿನ ಬೈಠಕ್ಕೂ ಹೊಸದಲ್ಲ.

ಆದರೆ ಎರಡನ್ನೂ ಒಬ್ಬರೇ ಮಾಡಬಹುದೇ ಎಂದು ಕೇಳಿದರೆ ಎರಡು ಉತ್ತರಗಳು ಸಿಗುತ್ತವೆ. 'ದಿನಾ ಸೈಕಲ್ ಹೊಡೆಯುವವನ ಕಾಲಿಗೆ ಇನ್ಯಾವ ಕಸರತ್ತು ಬೇಕು?' ಎನ್ನುವುದು ಒಂದು. 'ಭಾರ ಎತ್ತಿದರೆ ಕಾಲು ಬಿಗಿಯಾಗಿ ಸೈಕಲ್ ತುಳಿಯಲು ಬರುವುದಿಲ್ಲ' ಎನ್ನುವುದು ಇನ್ನೊಂದು. ಇವೆರಡರಲ್ಲಿ ಎಷ್ಟು ನಿಜವಿದೆ ಎಂಬುದನ್ನು ನಾವು ಇಲ್ಲಿ ನೋಡೋಣ.

ಸೈಕಲ್ ಕಾಲಿಗೆ ಏನು ಕೊಡುತ್ತದೆ?

ಒಂದು ಸರಳ ಲೆಕ್ಕ ಹಾಕೋಣ. ನಿಮಿಷಕ್ಕೆ 60 ಸುತ್ತಿನಂತೆ ಅರ್ಧ ಗಂಟೆ ಪೆಡಲ್ ತುಳಿದರೆ ಒಂದೊಂದು ಕಾಲೂ 1,800 ಸಲ ತುಳಿದಂತಾಯಿತು. ಇಷ್ಟು ಸಲ ತುಳಿಯಲು ಆಗುವುದೇ ಪ್ರತಿ ತುಳಿತಕ್ಕೆ ಬೇಕಾದ ಬಲ ಕಡಿಮೆ ಇರುವುದರಿಂದ. ಸಮತಟ್ಟಾದ ರಸ್ತೆಯಲ್ಲಿ ಕಾಲಿನ ಪೂರ್ಣ ಶಕ್ತಿಯ ಸಣ್ಣ ಪಾಲು ಮಾತ್ರ ಖರ್ಚಾಗುತ್ತದೆ.

ಇದರಿಂದ ಹೃದಯ ಮತ್ತು ಶ್ವಾಸಕೋಶಕ್ಕೆ ಒಳ್ಳೆಯದು. ಸ್ನಾಯುಗಳು ದಣಿಯದೆ ಬಹಳ ಹೊತ್ತು ಕೆಲಸ ಮಾಡುವುದನ್ನು ಕಲಿಯುತ್ತವೆ. ಇದನ್ನು ತಾಳಿಕೆ ಎನ್ನಬಹುದು. ಒಮ್ಮೆಗೇ ಹೆಚ್ಚು ಭಾರ ನೂಕುವ ಅಥವಾ ಎತ್ತುವ ಶಕ್ತಿ ಬೇರೆ. ಅದು ಬೆಳೆಯಬೇಕಾದರೆ ಸ್ನಾಯುವಿಗೆ ಕಷ್ಟವಾಗುವಷ್ಟು ಭಾರ ಸಿಗಬೇಕು.

ಸೈಕಲ್ ಕೊಡದಿರುವುದು

ಮೊದಲನೆಯದು ಮೂಳೆ. ಸೀಟಿನ ಮೇಲೆ ಕುಳಿತಾಗ ದೇಹದ ಭಾರವನ್ನು ಹೆಚ್ಚಾಗಿ ಸೈಕಲ್ಲೇ ಹೊರುತ್ತದೆ. ಮೂಳೆ ಗಟ್ಟಿಯಾಗಲು ಅದರ ಮೇಲೆ ಒತ್ತಡ ಬೀಳಬೇಕು. ವರ್ಷಗಟ್ಟಲೆ ಸೈಕಲ್ಲನ್ನೇ ನೆಚ್ಚಿದ ಸ್ಪರ್ಧಾಳುಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಎರಡನೆಯದು ವಯಸ್ಸು. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ನೆಲದಿಂದ ಏಳಲು, ಚೀಲ ಎತ್ತಲು, ಕಾಲು ಜಾರಿದಾಗ ಸಾವರಿಸಿಕೊಳ್ಳಲು ಬೇಕಾಗುವುದು ಈ ಶಕ್ತಿಯೇ. ಹೊಲದ ಕೆಲಸ ನಂಬಿದವರಿಗೆ ಇದು ಅಂದದ ಪ್ರಶ್ನೆಯಲ್ಲ, ದುಡಿಮೆಯ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇವೆರಡನ್ನು ಬೇರೆ ಬೇರೆಯಾಗಿಯೇ ಹೇಳಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಅದರ ಜೊತೆಗೆ, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು. ಸೈಕಲ್ ಮೊದಲ ಲೆಕ್ಕಕ್ಕೆ ಜಮಾ ಆಗುತ್ತದೆ, ಎರಡನೆಯದಕ್ಕಲ್ಲ.

ಎರಡೂ ಸೇರಿದರೆ ಒಂದನ್ನೊಂದು ಕೆಡಿಸುತ್ತವೆಯೇ?

ಈ ಅನುಮಾನಕ್ಕೆ ಒಂದು ಮೂಲವಿದೆ. 1980ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಹತ್ತು ವಾರಗಳ ಪ್ರಯೋಗವೊಂದನ್ನು ಪ್ರಕಟಿಸಿದರು. ಒಂದು ಗುಂಪು ವಾರಕ್ಕೆ ಐದು ದಿನ ಭಾರದ ವ್ಯಾಯಾಮ ಮಾಡಿ, ಜೊತೆಗೆ ಆರು ದಿನ ಸೈಕಲ್ ತುಳಿಯುವುದು ಮತ್ತು ಓಡುವುದನ್ನೂ ಮಾಡಿತು. ಸುಮಾರು ಏಳು ವಾರ ಅವರ ಕಾಲಿನ ಶಕ್ತಿ ಏರಿತು, ಆಮೇಲೆ ನಿಂತಿತು, ಕೊನೆಗೆ ಸ್ವಲ್ಪ ಇಳಿಯಿತು. ಅವರ ತಾಳಿಕೆಗೆ ಮಾತ್ರ ಧಕ್ಕೆಯಾಗಲಿಲ್ಲ.

ಆದರೆ ಅದು ವಿಪರೀತದ ಪ್ರಮಾಣ. ಸಾಮಾನ್ಯರು ಯಾರೂ ಅಷ್ಟು ಮಾಡುವುದಿಲ್ಲ. 2022ರಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ಎರಡನ್ನೂ ಸೇರಿಸಿ ಮಾಡುವುದರಿಂದ ಸ್ನಾಯುವಿನ ಗಾತ್ರಕ್ಕಾಗಲೀ ಗರಿಷ್ಠ ಶಕ್ತಿಗಾಗಲೀ ನಷ್ಟ ಕಾಣಲಿಲ್ಲ. ಜಿಗಿಯುವಂಥ ಚುರುಕು ಬಲ ಮಾತ್ರ ಕೊಂಚ ಕಡಿಮೆ ಬೆಳೆಯಿತು. ಅದೂ ಮುಖ್ಯವಾಗಿ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದಾಗ.

ಸೈಕಲ್ ತುಳಿಯುವವರಿಗೆ ಲಾಭವೇನು?

1988ರಲ್ಲಿ ಹಿಕ್ಸನ್ ತಂಡವೇ ಇನ್ನೊಂದು ಮುಖವನ್ನು ತೋರಿಸಿತು. ತಾಳಿಕೆಯ ತರಬೇತಿ ಮೊದಲೇ ಪಡೆದಿದ್ದವರು ವಾರಕ್ಕೆ ಮೂರು ದಿನದಂತೆ ಹತ್ತು ವಾರ ಕಾಲಿನ ಭಾರದ ವ್ಯಾಯಾಮವನ್ನು ಸೇರಿಸಿಕೊಂಡರು. ನಿಗದಿತ ಶ್ರಮದಲ್ಲಿ ದಣಿದು ನಿಲ್ಲುವ ತನಕ ಸೈಕಲ್ ತುಳಿಯುವ ಅವಧಿ 71 ನಿಮಿಷದಿಂದ 85 ನಿಮಿಷಕ್ಕೆ ಏರಿತು.

ಕಾರಣ ಅರ್ಥವಾಗುವಂಥದ್ದೇ. ಕಾಲಿನ ಗರಿಷ್ಠ ಶಕ್ತಿ ಹೆಚ್ಚಿದರೆ ಅದೇ ಏರು, ಅದೇ ಎದುರುಗಾಳಿ ಆ ಶಕ್ತಿಯ ಇನ್ನೂ ಸಣ್ಣ ಪಾಲನ್ನಷ್ಟೇ ಕೇಳುತ್ತದೆ. ಬೇಗ ದಣಿಯುವ ಸ್ನಾಯು ಎಳೆಗಳ ಸರದಿ ತಡವಾಗಿ ಬರುತ್ತದೆ.

ಇನ್ನೂರು ಬೈಠಕ್ ಹೊಡೆದರೆ ಸಾಕೇ?

ಇಲ್ಲಿ ಅನೇಕರು ಎಡವುತ್ತಾರೆ. ಮೊದಲ ವಾರಗಳಲ್ಲಿ ಬರಿ ಮೈಯ ಬೈಠಕ್ಕೇ ಕಷ್ಟ, ಆಗ ಅದು ಶಕ್ತಿ ಬೆಳೆಸುತ್ತದೆ. ಒಂದೇ ಉಸಿರಿಗೆ ನೂರು, ಇನ್ನೂರು ಹೊಡೆಯುವಂತಾದ ಮೇಲೆ ಅದೂ ಪೆಡಲ್ ತುಳಿದ ಹಾಗೆಯೇ ತಾಳಿಕೆಯ ವ್ಯಾಯಾಮವಾಗುತ್ತದೆ. ಆಗ ಸಂಖ್ಯೆಯನ್ನಲ್ಲ, ಭಾರವನ್ನು ಹೆಚ್ಚಿಸಬೇಕು. ಜಿಮ್ ಇಲ್ಲದಿದ್ದರೂ ನಡೆಯುತ್ತದೆ. ಜೋಳದ ಚೀಲವನ್ನೋ ನೀರು ತುಂಬಿದ ಕ್ಯಾನನ್ನೋ ಎದೆಗೆ ಅವುಚಿಕೊಂಡು ಕುಳಿತು ಏಳಬಹುದು. ಎಂಟು-ಹತ್ತು ಸಲದ ನಂತರ ಇನ್ನು ಎರಡು ಸಲ ಮಾತ್ರ ಆದೀತು ಎನಿಸಿದರೆ ಭಾರ ಸರಿಯಿದೆ ಎಂದರ್ಥ.

ವಾರಕ್ಕೆ ಹೇಗೆ ಹೊಂದಿಸುವುದು?

- ವಾರಕ್ಕೆ ಎರಡು ದಿನ, ನಡುವೆ ಒಂದೆರಡು ದಿನ ಬಿಡುವು ಕೊಟ್ಟು ಕಾಲಿನ ವ್ಯಾಯಾಮ ಮಾಡಿ. ಭಾರದ ಬೈಠಕ್, ಮೆಟ್ಟಿಲು ಹತ್ತಿ ಇಳಿಯುವುದು, ಸೊಂಟ ಬಾಗಿಸಿ ಭಾರ ಎತ್ತುವುದು, ಮೀನಖಂಡಕ್ಕಾಗಿ ಹಿಮ್ಮಡಿ ಎತ್ತುವುದು ಸಾಕು. ಒಂದೊಂದೂ ಎರಡು-ಮೂರು ಸುತ್ತು.
- ಉಳಿದ ದಿನ ಎಂದಿನಂತೆ ಸೈಕಲ್. ಎರಡೂ ಒಂದೇ ದಿನ ಬಂದರೆ ಕನಿಷ್ಠ ಮೂರು ಗಂಟೆ ಅಂತರವಿರಲಿ.
- ಮೊದಲ ಎರಡು ವಾರ ಮೈಕೈ ನೋವು ಸಹಜ. ಆ ದಿನಗಳಲ್ಲಿ ದೂರದ ಸವಾರಿ ಬೇಡ.
- ಊಟದಲ್ಲಿ ರೊಟ್ಟಿಯಷ್ಟೇ ಸಾಲದು. ತೊಗರಿ ಬೇಳೆ, ಕಾಳು, ಶೇಂಗಾ, ಮೊಸರು ಅಥವಾ ಮೊಟ್ಟೆ ಇರಲಿ.
- ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಮುಗಿಸಿ, ನೀರು ಜೊತೆಗಿರಲಿ. ಹುಮನಾಬಾದ್ ಮೂಲಕ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಹೆಚ್ಚು. ವ್ಯಾಯಾಮಕ್ಕೆ ಹಳ್ಳಿಯ ಒಳರಸ್ತೆಗಳೇ ಲೇಸು.

ಮೊಣಕಾಲು ಸವೆಯುತ್ತದೆಯೇ?

ಸೈಕಲ್ ಮೊಣಕಾಲಿನ ಮೇಲೆ ಹೆಚ್ಚು ಭಾರ ಹಾಕುವ ವ್ಯಾಯಾಮವಲ್ಲ. ಸೀಟು ಬಹಳ ಕೆಳಗಿದ್ದರೆ ಮಾತ್ರ ಪ್ರತಿ ತುಳಿತದಲ್ಲೂ ಮೊಣಕಾಲು ಅತಿಯಾಗಿ ಮಡಚಿ ಮುಂಭಾಗದಲ್ಲಿ ನೋವು ಬರಬಹುದು. ಪೆಡಲ್ ಪೂರ್ತಿ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಅಣ್ಣನ ಸೈಕಲ್ ತಮ್ಮನಿಗೆ, ಅಪ್ಪನ ಸೈಕಲ್ ಮಗಳಿಗೆ ಬರುವ ಮನೆಗಳಲ್ಲಿ ಇದನ್ನೊಮ್ಮೆ ನೋಡಿ. ಒಂದು ಪಾನಾ ಇದ್ದರೆ ಐದು ನಿಮಿಷದ ಕೆಲಸ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿಗೆ ಆಸರೆ ಹೆಚ್ಚು.

ಮೊಣಕಾಲು ಊದಿಕೊಂಡಿದ್ದರೆ, ಎದೆನೋವು ಇದ್ದರೆ, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದಿದ್ದರೆ ಮೊದಲು ವೈದ್ಯರನ್ನು ಕಾಣಿ, ಭಾರ ಎತ್ತುವುದು ಆಮೇಲೆ.

ಕೊನೆಯ ಮಾತು

ದಿನಾ ಸೈಕಲ್ ತುಳಿದರೆ ಬೇರೇನೂ ಬೇಡ ಎಂಬುದು ಅರ್ಧ ಸತ್ಯ. ಭಾರದ ವ್ಯಾಯಾಮದಿಂದ ಸೈಕಲ್ ಸವಾರಿ ಕೆಡುತ್ತದೆ ಎಂಬುದು ಸಾಮಾನ್ಯ ಪ್ರಮಾಣದಲ್ಲಿ ಮಾಡುವವರ ಮಟ್ಟಿಗೆ ತಪ್ಪು. ಶಾಲೆಗೆ ಹೋಗಲು ಸಿಕ್ಕ ಸೈಕಲ್ಲನ್ನು ಮೂಲೆಗೆ ತಳ್ಳಬೇಡಿ. ವಾರಕ್ಕೆ ಎರಡು ಸಲ ಅರ್ಧ ಗಂಟೆಯನ್ನು ಬೈಠಕ್ಕಿಗೂ ಕೊಡಿ.