ಚಿಕಿತ್ಸೆ ಬದಲಾದರೆ ಸೋಲಲ್ಲ



ನನ್ನ ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ. ನೋವಿಗಿಂತ ಹೆಚ್ಚು ಕಾಡುವುದು, ವೈದ್ಯರು ಚಿಕಿತ್ಸೆ ಬದಲಿಸಿದಾಗಲೆಲ್ಲ ಹುಟ್ಟುವ ಭಯ. ಈ ಭಯಕ್ಕೇ ಎಷ್ಟೋ ಜನ ಕಿಮೋ ಅರ್ಧಕ್ಕೆ ಬಿಟ್ಟು ಜ್ಯೋತಿಷ್ಯ, ತಾಯತಗಳ ಬೆನ್ನು ಹತ್ತುತ್ತಾರೆ. ಬಸವಾದಿ ಶರಣರು ಬಿಡಿಸಲು ಹೊರಟ ಮೌಢ್ಯ ಇದೇ.

ಕಾಲುವೆ ತೋಡುವಾಗ ಬಂಡೆ ಸಿಕ್ಕರೆ ಎಂಜಿನಿಯರ್ ನಕ್ಷೆ ಬದಲಿಸುತ್ತಾನೆ, ಕೆಲಸ ಬಿಡುವುದಿಲ್ಲ. ಇಲ್ಲೂ ಹಾಗೆಯೇ. ಆಕ್ಸಾಲಿಪ್ಲಾಟಿನ್‌ನಿಂದ ಕೈಕಾಲು ಜೋಮು ಹೆಚ್ಚಾದರೆ ಅದನ್ನು ನಿಲ್ಲಿಸಿ ಉಳಿದ ಔಷಧಿ ಮುಂದುವರಿಸಬಹುದು. ಗಡ್ಡೆ ಕುಗ್ಗಿದರೆ ಕೆಲವರಿಗೆ ಯಕೃತ್ತಿನ ಶಸ್ತ್ರಚಿಕಿತ್ಸೆ ಸಾಧ್ಯ; ಬೆಳೆದರೆ ಬೇರೆ ಔಷಧಿ. ನೋವು ತಗ್ಗಿಸುವ ಆರೈಕೆಯೂ ಚಿಕಿತ್ಸೆಯೇ.

ಬದಲಾವಣೆ ಏಕೆ, ಲಾಭವೇನು, ತೊಂದರೆಯೇನು? ಈ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮನೆಯವರು ರೋಗಿಯಿಂದ ನಿಜ ಮುಚ್ಚಿಡಬಾರದು. ಇಷ್ಟಲಿಂಗ ಪೂಜೆ ನನ್ನ ಮನಸ್ಸನ್ನು ನಿಲ್ಲಿಸುತ್ತದೆ. ಔಷಧಿಯ ಕೆಲಸ ಔಷಧಿಯೇ ಮಾಡಬೇಕು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ಆದರೆ ಚಿಗಟೇರಿಯಂಥ ಊರುಗಳ ಬಡವರಿಗೆ ಅಲ್ಲಿಗೆ ಪದೇ ಪದೇ ಹೋಗಿಬರುವುದೇ ಭಾರ. ನಮ್ಮ ಮಠಗಳು ಇಂಥವರ ಪ್ರಯಾಣ, ವಸತಿಯ ಹೊಣೆಯನ್ನೂ ದಾಸೋಹವೆಂದೇ ಹೊರಲಿ.