ತಂಪು ಬೇರೆ, ಥಂಡಿ ಬೇರೆ

ಅಂಬಲಿಗೆ ಬರ್ಫ ಹಾಕುವುದೇ ನಾಗರಿಕತೆಯ ಲಕ್ಷಣವೆಂದು ನಮ್ಮ ಸುಶಿಕ್ಷಿತರಲ್ಲಿ ಕೆಲವರು ಭಾವಿಸಿದಂತಿದೆ. ರಾತ್ರಿ ಜೋಳದ ಹಿಟ್ಟು ಕದಡಿ ಹುಳಿಗಿಟ್ಟು, ಬೆಳಿಗ್ಗೆ ಕುದಿಸಿ, ಆರಿಸಿ, ಮಜ್ಜಿಗೆ ಉಪ್ಪು ಬೆರೆಸಿದ ಅಂಬಲಿಯನ್ನು ಫ್ರಿಜ್ಜಿಗೆ ನೂಕಿ, ಹಲ್ಲು ಜುಮ್ಮೆನ್ನುವಷ್ಟು ಥಂಡಿ ಮಾಡಿ ಅತಿಥಿಯ ಮುಂದೆ ಹಿಡಿಯುತ್ತಾರೆ. ಇದು ಸತ್ಕಾರವಲ್ಲ, ಅಂಬಲಿಗೆ ಮಾಡುವ ಅಪಚಾರ.

ಹುಳಿ ಬಂದ ಪಾನೀಯದ ಜೀವ ಅದರ ಕಂಪಿನಲ್ಲಿದೆ. ಅತಿ ತಣ್ಣನೆಯ ದ್ರವದಿಂದ ಕಂಪು ಮೇಲೇಳದು. ಚಳಿಗೆ ಮರಗಟ್ಟಿದ ನಾಲಿಗೆಗೆ ಸಿಹಿಯೂ ಸರಿಯಾಗಿ ತಿಳಿಯದು. ಕೋಲಾದ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆಯಿದೆ. ಅದನ್ನೊಮ್ಮೆ ಬೆಚ್ಚಗಾಗಿಸಿ ಕುಡಿದವರಿಗೆ ನಿಜ ಗೊತ್ತಾಗುತ್ತದೆ. ಬಿಯರಿಗೆ ಹೆಸರಾದ ಇಂಗ್ಲೆಂಡಿನಲ್ಲಿಯೇ ಪೀಪಾಯಿಯಲ್ಲಿ ಹದವಾದ ಏಲನ್ನು ನೆಲಮಾಳಿಗೆಯ 11ರಿಂದ 13 ಡಿಗ್ರಿ ತಂಪಿನಲ್ಲಿ ಕೊಡುತ್ತಾರೆ, ಬರ್ಫದಲ್ಲಿ ಹೂತಿಟ್ಟಲ್ಲ. ಅವರ ಫ್ಯಾಷನ್ನುಗಳನ್ನೆಲ್ಲ ತಂದ ನಾವು ಈ ವಿವೇಕವನ್ನೇಕೆ ಹಡಗಿನಲ್ಲಿಯೇ ಬಿಟ್ಟೆವೋ!

ಹಾಗಾದರೆ ರಾಯಚೂರಿನ ಬೇಸಿಗೆಯಲ್ಲಿ ಬೆಚ್ಚಗಿನದನ್ನೇ ಕುಡಿಯಬೇಕೆ? ಬೇಡ. 40 ಡಿಗ್ರಿ ದಾಟುವ ಈ ಬಿಸಿಲು ಒಣಗಾಳಿಯನ್ನೂ ತಂದಿದೆ. ಮಣ್ಣಿನ ಗಡಿಗೆಯ ಮೈಯಿಂದ 1 ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. 58 ಗ್ರಾಂ ನೀರನ್ನು 10 ಡಿಗ್ರಿ ತಣಿಸಲು ಅಷ್ಟು ಸಾಕು. ಮಂಗಳೂರಿನ ತೇವದ ಗಾಳಿಯಲ್ಲಿ ಸೋಲುವ ಈ ವಿದ್ಯೆ ದೇವದುರ್ಗ, ಮಾನ್ವಿಗಳಲ್ಲಿ ಗೆಲ್ಲುತ್ತದೆ. ಅಂಬಲಿಯ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ, ಹಸಿ ಮರಳಿನ ಮೇಲೆ, ಗಾಳಿಯಾಡುವ ನೆರಳಿನಲ್ಲಿಡಿ. ಚೆಂದಕ್ಕೆಂದು ಬಣ್ಣ ಬಳಿದ ಗಡಿಗೆಯನ್ನು ಮಾತ್ರ ಕೊಳ್ಳಬೇಡಿ. ಬಣ್ಣ ಅದರ ರಂಧ್ರಗಳನ್ನು ಮುಚ್ಚಿ ಉಸಿರು ಕಟ್ಟಿಸುತ್ತದೆ.

‘ಗಡಿಗೆ ಹೊಲಸಾಗುತ್ತದೆ, ಅಂಬಲಿ ಸಂಜೆಗೆ ಹುಳಿತು ಕೆಡುತ್ತದೆ’ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಗಡಿಗೆಯನ್ನು ದಿನವೂ ಬಿಸಿನೀರಿನಿಂದ ತೊಳೆದು ಬಿಸಿಲಿಗಿಡಬಹುದು. ಒಂದು ದಿನಕ್ಕೆ ಬೇಕಾದಷ್ಟನ್ನೇ ಕಾಸಬಹುದು. ಉಳಿದದ್ದು ಫ್ರಿಜ್ಜಿನಲ್ಲಿರಲಿ, ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಯಂತ್ರದ ಕೆಲಸ ಕೆಡದಂತೆ ಕಾಯುವುದು, ಹದ ನಿರ್ಣಯಿಸುವುದಲ್ಲ.

ನಿಜವಾದ ರೋಗ ಬೇರೆಡೆ ಇದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮಾನ್ವಿಯ ಹೊಲಗಳಿಗೆ ನೀರು ತಂದಿತು, ನೀರು ಭತ್ತವನ್ನು ತಂದಿತು. ಅದು ಒಳ್ಳೆಯದೇ. ಆದರೆ ಅನ್ನದ ಹಿಂದೆಯೇ ಜೋಳದ ಬಗ್ಗೆ ಒಂದು ನಾಚಿಕೆಯೂ ಒಳಗೆ ಬಂತು. ಅಂಬಲಿ ಬಡವರ ಕುಡಿತವಾಯಿತು. ಬರ್ಫದ ಪೋಷಾಕು ತೊಡಿಸಿದರೆ ಮಾತ್ರ ಅದಕ್ಕೆ ದಿವಾಣಖಾನೆಯಲ್ಲಿ ಪ್ರವೇಶ. ಅಕ್ಕಿ-ರಾಗಿಗಳ ಜಗಳವನ್ನು ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಎಂದೋ ತೀರಿಸಿದ್ದಾರೆ. ಚೋಳರಾಜನ ನೈವೇದ್ಯ ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಅಂಬಲಿ ಸವಿದ ಕಥೆಯನ್ನು ಭಕ್ತಿಯಿಂದ ಕೇಳುತ್ತೇವೆ. ಮನೆಗೆ ಬಂದು ಅದೇ ಅಂಬಲಿಗೆ ಮುಖ ಮುರಿಯುತ್ತೇವೆ!

ಬರುವ ಬೇಸಿಗೆಯಲ್ಲಿ ಕಚೇರಿ, ಕಾಲೇಜುಗಳ ಮುಂದೆ ಅರವಟಿಗೆ ಇಡುವ ಮಹನೀಯರು ಬಣ್ಣವಿಲ್ಲದ ನಾಲ್ಕು ಗಡಿಗೆ ಕೊಳ್ಳಲಿ. ಕುಂಬಾರನಿಗೂ ನಾಲ್ಕು ಕಾಸು ದೊರೆತೀತು. ಸಾಹೇಬರಿಗೆ ಬಾಟಲಿ, ಜವಾನನಿಗೆ ಅಂಬಲಿ ಎಂಬ ಭೇದ ಬೇಡ. ಇಬ್ಬರಿಗೂ ಒಂದೇ ಗಡಿಗೆಯಿಂದ ಸುರಿಯಲಿ.