ಮುಚ್ಚಿದ ಡಬ್ಬಿಯೊಳಗಿನ ಮಬ್ಬು ಮುಖಗಳು

ಆಟಗಾರರು ಒಂದೊಂದು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಗಳಲ್ಲಿ ಮೇಜಿನ ಮೇಲೆ ನಡೆಸುವ ಗೊಂಬೆಯ ಎತ್ತರ ಸುಮಾರು 28ರಿಂದ 32 ಮಿಲಿಮೀಟರ್. ಮುಖ ಹೆಚ್ಚೆಂದರೆ ನಾಲ್ಕೈದು ಮಿಲಿಮೀಟರ್, ಕಣ್ಣು ಒಂದಕ್ಕಿಂತಲೂ ಕಡಿಮೆ. ಕಾರ್ಖಾನೆಯಲ್ಲಿ ಬಣ್ಣ ಹಚ್ಚುವಾಗ ಆ ಕಣ್ಣಿನ ಚುಕ್ಕೆ ಅರ್ಧ ಮಿಲಿಮೀಟರ್ ಜಾರಿದರೂ ಸಾಕು, ಯೋಧನ ಕಣ್ಣು ಕೆನ್ನೆಯ ಮೇಲೆ ಕೂರುತ್ತದೆ. ಹುಬ್ಬು, ಕಣ್ಣು, ಗಡ್ಡ ಎಲ್ಲ ಒಂದೇ ಕಂದು ಮೆತ್ತೆಯಾಗಿರುವ ಗೊಂಬೆಗಳೂ ಅಪರೂಪವಲ್ಲ.

ಇಂಥ ಗೊಂಬೆಗೆ ಆಟಗಾರ ಕೊಡುವ ಹಣವೇನೂ ಸಣ್ಣದಲ್ಲ. ಬೆಂಗಳೂರಿನಲ್ಲೂ ಈ ಆಟ ಆಡುವ ಗುಂಪುಗಳಿವೆ. ಹೊರದೇಶದಿಂದ ತರಿಸಿಕೊಳ್ಳುವವರಿಗೆ ಸಾಗಣೆ ವೆಚ್ಚವೂ ಸೇರಿ ಬೆಲೆ ಇನ್ನಷ್ಟು ಏರುತ್ತದೆ.

ಮೊದಲು ಈ ಗೊಂಬೆಗಳು ಹೆಚ್ಚಾಗಿ ಲೋಹದವು, ಬಣ್ಣ ಹಚ್ಚುವುದು ಕೊಂಡವರ ಕೆಲಸ. ಕುಂಚ ಹಿಡಿಯಲು ಬಾರದವರಿಗೆ, ಬಿಡುವಿಲ್ಲದವರಿಗೆ ಬಾಗಿಲು ತೆರೆದದ್ದು 2000ದಲ್ಲಿ. ಅಮೆರಿಕದ ಜೋರ್ಡನ್ ವೈಸ್‌ಮನ್ ಕಟ್ಟಿದ ವಿಜ್‌ಕಿಡ್ಸ್ ಕಂಪನಿ ಆ ವರ್ಷ ‘ಮೇಜ್ ನೈಟ್’ ಆಟವನ್ನು ಬಣ್ಣ ಹಚ್ಚಿದ ಪ್ಲಾಸ್ಟಿಕ್ ಗೊಂಬೆಗಳ ಜೊತೆಗೇ ಮಾರುಕಟ್ಟೆಗೆ ತಂದಿತು. 2002ರಲ್ಲಿ ಅದೇ ಕಂಪನಿಯ ‘ಹೀರೋಕ್ಲಿಕ್ಸ್’ ಆಟ ಬಂತು. ಮರುವರ್ಷ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊಂಬೆಗಳೊಂದಿಗೆ ಅದೇ ಹಾದಿ ಹಿಡಿಯಿತು. ಡಬ್ಬಿ ತೆರೆದ ಕೂಡಲೇ ಆಟಕ್ಕೆ ಕೂರಬಹುದು ಎಂಬುದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಅದರ ಜೊತೆಗೇ ಇನ್ನೊಂದು ಪದ್ಧತಿಯೂ ಬಂತು: ಡಬ್ಬಿಯೊಳಗೆ ಯಾವ ಗೊಂಬೆ ಇದೆಯೆಂದು ಕೊಳ್ಳುವವನಿಗೆ ತಿಳಿಯದಂತೆ ಮುಚ್ಚಿ ಮಾರುವುದು.

ಗುಣಮಟ್ಟದ ಮಾತು ಬಂದಾಗ ಸಾಮಾನ್ಯವಾಗಿ ಬೈಗುಳ ತಿನ್ನುವುದು ಪ್ಲಾಸ್ಟಿಕ್. ಅದರಲ್ಲಿ ಸ್ವಲ್ಪ ನಿಜವಿದೆ. ಬಳಸುವುದು ಬಹುಪಾಲು ಮೆತ್ತನೆಯ ಪಿವಿಸಿ. ಬಿದ್ದರೆ ಮುರಿಯುವುದಿಲ್ಲ, ಆದರೆ ಡಬ್ಬಿಯಲ್ಲಿ ಒತ್ತಿ ತುಂಬಿದಾಗ ಕತ್ತಿ, ಭರ್ಜಿ ಬಾಗುತ್ತವೆ. ಹಳೆಯ ಆಟಗಾರರಿಗೆಲ್ಲ ಇದರ ಮದ್ದು ಗೊತ್ತು. ಬಾಗಿದ ಕತ್ತಿಯನ್ನು ಬಿಸಿನೀರಿನಲ್ಲಿ ಕೆಲಕಾಲ ಅದ್ದಿ, ಮೆತ್ತಗಾದಾಗ ಬೆರಳಿನಿಂದ ನೆಟ್ಟಗೆ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಇಳಿಸಬೇಕು. ಕತ್ತಿ ನೆಟ್ಟಗಾಗುತ್ತದೆ. ಕೆನ್ನೆಗೆ ಇಳಿದ ಕಣ್ಣಿಗೆ ಇಂಥ ಮದ್ದಿಲ್ಲ.

ಬಣ್ಣದ ಕೆಲಸವೆಲ್ಲ ಲೆಕ್ಕಾಚಾರದ ಮೇಲೆ ನಡೆಯುತ್ತದೆ. ತಗಡಿನ ಮರೆಯಿಟ್ಟು ಸಿಂಪಡಿಸುವುದು, ಅಚ್ಚೊತ್ತುವುದು, ಕೈಯಿಂದ ಕುಂಚ ಆಡಿಸುವುದು, ಪ್ರತಿಯೊಂದೂ ಒಂದು ಹಂತ. ಪ್ರತಿ ಹಂತಕ್ಕೂ ಖರ್ಚು. ಚರ್ಮದ ಪಟ್ಟಿಗೊಂದು ಬಣ್ಣ, ಅದರ ಕೊಂಡಿಗೆ ಇನ್ನೊಂದು, ಮಡಿಕೆಗಳಲ್ಲಿ ನೆರಳು ಎಂದು ಹಂತಗಳು ಹೆಚ್ಚಿದಷ್ಟೂ ಗೊಂಬೆಗೆ ಜೀವ ಬರುತ್ತದೆ, ವೆಚ್ಚವೂ ಏರುತ್ತದೆ. ಸಾಲುಸಾಲು ಗೊಂಬೆಗಳ ಮುಂದೆ ಕೂತು ಬಣ್ಣ ಹಚ್ಚುವ ಕಾರ್ಮಿಕರ ಕೈಚಳಕವನ್ನು ಹಳಿಯುವುದು ಅನ್ಯಾಯ. ಅವರಿಗೆ ಎಷ್ಟು ಹಂತ, ಎಷ್ಟು ಸಮಯ ಕೊಡಬೇಕೆಂದು ತೀರ್ಮಾನಿಸುವವರು ಬೇರೆ. ಕೊಳ್ಳುವವನು ಮೊದಲೇ ಮುಖ ನೋಡಲಾರ ಎಂದಾದರೆ, ಆ ತೀರ್ಮಾನ ಉಳಿತಾಯದ ಕಡೆಗೇ ವಾಲುತ್ತದೆ.

ತೆರೆದು ತೋರಿಸಿದಾಗ ಏನಾಗುತ್ತದೆ ಎಂಬುದಕ್ಕೆ 2012ರಲ್ಲಿ ಫ್ಯಾಂಟಸಿ ಫ್ಲೈಟ್ ಗೇಮ್ಸ್ ತಂದ ‘ಸ್ಟಾರ್ ವಾರ್ಸ್: ಎಕ್ಸ್-ವಿಂಗ್’ ಸಾಕ್ಷಿ. ಸಿನಿಮಾದ ಹೋರಾಟ ನೌಕೆಗಳನ್ನು 270ರಲ್ಲಿ ಒಂದು ಪಾಲಿಗೆ ಇಳಿಸಿ, ಬಣ್ಣ ಹಚ್ಚಿ, ಪಾರದರ್ಶಕ ಹೊದಿಕೆಯ ಹಿಂದೆ ಕೂರಿಸಿ ಮಾರಿದರು. ಕೊಳ್ಳುವವನು ಗೆರೆ ಸೊಟ್ಟಗಿದ್ದರೆ ಪಕ್ಕದ ಪೊಟ್ಟಣ ಕೈಗೆತ್ತಿಕೊಳ್ಳಬಹುದಿತ್ತು. ಆ ನೌಕೆಗಳ ಅಚ್ಚುಕಟ್ಟುತನವನ್ನು ಆಟಗಾರರು ಮೆಚ್ಚಿಕೊಂಡರು. ನೌಕೆಗೆ ಕಣ್ಣು ಬರೆಯಬೇಕಿಲ್ಲ, ಹಾಗಾಗಿ ಕೆಲಸ ಸುಲಭ ಎಂಬುದು ನಿಜ. ಆದರೆ ಅಷ್ಟನ್ನೇ ಕಾರಣವೆಂದು ಒಪ್ಪಲಾಗದು.

ಮುಚ್ಚಿದ ಡಬ್ಬಿಯ ಪರವಾಗಿಯೂ ಒಂದು ಗಟ್ಟಿ ವಾದವಿದೆ. ಉಕ್ಕಿನ ಅಚ್ಚು ಮಾಡಿಸುವುದು ದುಬಾರಿ. ಡ್ರ್ಯಾಗನ್ ಎಲ್ಲರಿಗೂ ಬೇಕು, ಹಳ್ಳಿಯ ಕಾವಲುಗಾರ ಯಾರಿಗೂ ಬೇಡ. ಎರಡನ್ನೂ ಬೆರೆಸಿ ಮಾರಿದರೆ ಮಾತ್ರ ಕಾವಲುಗಾರನ ಅಚ್ಚಿನ ಖರ್ಚು ಹುಟ್ಟುತ್ತದೆ. ವಿಜರ್ಡ್ಸ್ ಕಂಪನಿ 2009ರಲ್ಲಿ ಕೆಲವು ಗೊಂಬೆಗಳನ್ನು ಕಾಣುವಂತೆ ಮಾರಿ ನೋಡಿತು. ಆದರೂ 2011ರಲ್ಲಿ ಆ ಸರಣಿಯನ್ನೇ ನಿಲ್ಲಿಸಬೇಕಾಯಿತು. ಈ ವ್ಯಾಪಾರ ಕಷ್ಟದ್ದು, ಅನುಮಾನವಿಲ್ಲ. ಆದರೆ ಯಾವ ಗೊಂಬೆ ಸಿಗುತ್ತದೆ ಎಂಬ ಕುತೂಹಲ ಬೇರೆ, ಸಿಕ್ಕಿದ್ದು ಚೆನ್ನಾಗಿದೆಯೇ ಎಂಬ ಅದೃಷ್ಟಪರೀಕ್ಷೆ ಬೇರೆ. ಮೊದಲನೆಯದನ್ನು ಆಟಗಾರ ಒಪ್ಪಿಯೇ ದುಡ್ಡು ಕೊಟ್ಟಿದ್ದಾನೆ. ಎರಡನೆಯದನ್ನು ಅವನ ತಲೆಗೆ ಕಟ್ಟುವುದು ಸರಿಯಲ್ಲ.

ದಾರಿ ಇಲ್ಲದೇನಿಲ್ಲ. ವಿಜ್‌ಕಿಡ್ಸ್ ಕಂಪನಿಯೇ ‘ಐಕಾನ್ಸ್ ಆಫ್ ದಿ ರೆಲ್ಮ್ಸ್’ ಹೆಸರಿನಲ್ಲಿ ಮುಚ್ಚಿದ ಡಬ್ಬಿಗಳನ್ನು ಮಾರುತ್ತಲೇ, ಒಂದೊಂದೇ ಗೊಂಬೆಯನ್ನು ಕಾಣುವಂತೆ ಇಟ್ಟು ಹೆಚ್ಚು ಬೆಲೆಗೂ ಮಾರಿದೆ. ಬಣ್ಣ ಹಚ್ಚುವ ಆಸೆಯುಳ್ಳವರಿಗೆ ಅಸ್ತರು ಬಳಿದ ಬರಿಯ ಗೊಂಬೆಗಳನ್ನೂ ಕೊಟ್ಟಿದೆ. ಮುಚ್ಚಿಯೇ ಮಾರುವುದಾದರೆ, ನಾಯಕ ಪಾತ್ರಗಳನ್ನಾದರೂ ಅದರಿಂದ ಹೊರಗಿಡಬೇಕು. ಆಟಗಾರರು ತಿಂಗಳುಗಟ್ಟಲೆ ಒಂದೇ ಪಾತ್ರವನ್ನು ಆಡುತ್ತಾರೆ. ಆ ಗೊಂಬೆಯ ಮುಖವನ್ನು ಅಂಗಡಿಯಲ್ಲೇ ನೋಡಿ ಆರಿಸಿಕೊಳ್ಳುವ ಅವಕಾಶ ಅವರಿಗೆ ಸಿಗಲಿ.